ಮೀಟರ್ ಮೇಲಿನ ಗಣಪತಿ

ಬೆಂಗಳೂರಿನಲ್ಲಿ ಐದು ದಿನ ತರಬೇತಿ ಮುಗಿಸಿ, ಸರ್ಟಿಫಿಕೇಟು ಹಿಡಿದು ತುಮಕೂರಿನಲ್ಲಿ ಬಸ್ಸಿಳಿದಾಗಿನಿಂದ ನನ್ನ ನಡಿಗೆಯೇ ಬದಲಾಯಿತು. ೨೦೦೫ರ ಮಾತು. ಅಲ್ಲಿಯವರೆಗೆ ನಾನು ಬರೀ ಲ್ಯಾಬ್ ಟೆಕ್ನಿಷಿಯನ್ ಶಿವಮೂರ್ತಿ. ಅಂದಿನಿಂದ, ರೋಗಾಣುಗಳ ನಡುವೆ ಹೇಗೆ ಹುಷಾರಾಗಿ ಕೆಲಸ ಮಾಡಬೇಕೆಂದು ಜಿಲ್ಲೆಯ ತಾಲ್ಲೂಕು ಲ್ಯಾಬಿನವರಿಗೆ ಕಲಿಸುವ ಮಾಸ್ಟರ್ ಟ್ರೇನರ್. ರಕ್ತ ಅಳೆಯುವ ಗಾಜಿನ ಕೊಳವೆಯನ್ನು, ಅಂದರೆ ಪಿಪೆಟ್ಟನ್ನು, ಇಪ್ಪತ್ತು ವರ್ಷ ಬಾಯಲ್ಲೇ ಹೀರಿದ್ದನ್ನು ಯಾರಿಗೂ ಹೇಳಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಲ್ಯಾಬಿನ ಬಿಳಿ ಕೋಟನ್ನು ಮರಳೂರಿನ ಮನೆಯವರೆಗೂ ಹಾಕಿಕೊಂಡು ಹೋಗುತ್ತಿದ್ದೆ. ಅದೂ ತಪ್ಪೇ ಎಂದು ನಾನೇ ಪಾಠ ಮಾಡಿದ್ದೆ.

ಜುಲೈನಲ್ಲಿ ಮೊದಲ ತರಬೇತಿ. ಗುಬ್ಬಿಯಿಂದ ಹಿರಿಯರಾದ ಲಕ್ಷ್ಮೀನರಸಿಂಹಯ್ಯ, ಕುಣಿಗಲ್‌ನಿಂದ ಬಾನು, ಇನ್ನೂ ಹತ್ತು ಜನ. ಎಲ್ಲರಿಗೂ ಒಂದೊಂದು ಅವಘಡದ ರಿಜಿಸ್ಟರ್ ಕೊಟ್ಟೆ. ಏನೇ ತಪ್ಪಾದರೂ ಅದರಲ್ಲಿ ಬರೆಯಬೇಕು. ಆಮೇಲೆ ನಗಿಸೋಣವೆಂದು, "ಸೂಜಿ ಚುಚ್ಚಿಸ್ಕೊಳ್ಳೋರು ಟೆಕ್ನಿಷಿಯನ್ ಅಲ್ಲ ಕಣ್ರೀ, ಟೈಲರ್ ಅಂಗಡಿಗೆ ಹೋಗ್ಲಿ" ಎಂದೆ. ಎಲ್ಲರೂ ನಕ್ಕರು. ಆರು ತಿಂಗಳಾದರೂ ಒಬ್ಬರ ರಿಜಿಸ್ಟರಿನಲ್ಲೂ ಒಂದಕ್ಷರ ಬೀಳಲಿಲ್ಲ. ಇದು ನನ್ನ ತರಬೇತಿಯ ಫಲವೆಂದು ಮೇಲಿನವರಿಗೆ ಪತ್ರ ಬರೆದುಕೊಂಡೆ.

ಈ ನಡುವೆ ನಮ್ಮ ಲ್ಯಾಬಿಗೆ ಸೇಫ್ಟಿ ಕ್ಯಾಬಿನೆಟ್ ಬಂತು. ಗಾಳಿಯನ್ನು ಒಳಕ್ಕೆಳೆದು ಸೋಸುವ ಗಾಜಿನ ಕಪಾಟು. ಅದರೊಳಗೆ ಕ್ಷಯರೋಗಿಯ ಕಫದ ಟ್ಯೂಬು ತೆರೆದರೆ ಕೂತವರ ಮೂಗಿಗೆ ರೋಗಾಣು ಬರುವುದಿಲ್ಲ. ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಬಳಿದು, ಹಾರ ಹಾಕಿ, ಬೂದುಗುಂಬಳಕಾಯಿ ಒಡೆದೆ. ಫ್ಯಾನ್ ಓಡುತ್ತಿರುವಾಗಲೇ ಒಳಗೆ ಸಾಂಬ್ರಾಣಿ ಹೊಗೆ, ಕರ್ಪೂರದಾರತಿ. ಹೊಗೆ ಎಷ್ಟು ಚೆನ್ನಾಗಿ ಎಳೆದುಕೊಳ್ಳುತ್ತದೆಂದು ನೋಡಿ ಇನ್ನೊಂದು ಹಿಡಿ ಸಾಂಬ್ರಾಣಿ ಸುರಿದೆ. ಸೋಸುವ ಫಿಲ್ಟರ್ ಕಟ್ಟಿಕೊಂಡು, ಗಾಳಿ ಸರಿಯಾಗಿ ಎಳೆಯುತ್ತಿದೆಯೇ ಎಂದು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ನಿಂತಿತು.

ಮಾಸ್ಟರ್ ಟ್ರೇನರ್ ಮಾಡಿದ್ದು ಇಷ್ಟೇ: ಮೀಟರಿನ ಮೇಲೆ ಒಂದು ಗಣಪತಿ ಪಟ ಅಂಟಿಸಿದ್ದು.

ಜನವರಿಯಲ್ಲಿ ಎರಡನೇ ತರಬೇತಿ. ಕ್ಷಯದ ಟ್ಯೂಬು ಹಿಡಿದು ಕ್ಯಾಬಿನೆಟ್ ಮುಂದೆ ಮೊದಲು ಕೂತವಳು ಬಾನು. ಕೂತವಳು ಸುಮ್ಮನೆ ಪಟ ನೋಡುತ್ತಿದ್ದಳು.

"ಯಾಕಮ್ಮ, ಶುರು ಮಾಡು."

"ಮೀಟರ್ ನೋಡ್ದೆ ಟ್ಯೂಬ್ ಓಪನ್ ಮಾಡ್ಬೇಡಿ ಅಂತ ನೀವೇ ಹೇಳ್ಕೊಟ್ಟಿದ್ರಿ ಸಾರ್. ಮೀಟರ್ ಮೇಲೆ ದೇವ್ರಿದಾನೆ. ನಾನ್ ಹೆಂಗ್ ತೆಗೀಲಿ?"

ಅವಳ ಬೆರಳು ಟ್ಯೂಬಿನ ಮುಚ್ಚಳದ ಮೇಲಿತ್ತು. ನನ್ನ ಮಾನ ಉಳಿಯಬೇಕೆಂದರೆ ಅವಳ ಶ್ವಾಸಕೋಶ ಹೋಗಬೇಕಿತ್ತು. ಒಂದು ಕ್ಷಣ ಲೆಕ್ಕ ಹಾಕಿದೆ. ಹಾಕಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಟ್ಯೂಬು ಕಿತ್ತುಕೊಂಡು, ಪಟ ತೆಗೆದು, ಎಲ್ಲರೆದುರು ನಡೆದದ್ದು ಹೇಳಿದೆ. ರಿಜಿಸ್ಟರ್ ತರಿಸಿ ಮೊದಲ ಪುಟದಲ್ಲಿ ನನ್ನ ಹೆಸರೇ ಬರೆದೆ.

ಲಕ್ಷ್ಮೀನರಸಿಂಹಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪೆನ್ ಇತ್ಲಾಗ್ ಕೊಡಿ ಸಾರ್. ನಮ್ ಫ್ರಿಜ್ಜಲ್ಲಿ ರಕ್ತದ ಪಕ್ಕ ಮೊಸರನ್ನದ ಡಬ್ಬಿ ಇಡ್ತೀವಿ, ಅದ್ನೂ ಬರೀತೀನಿ." ಪೆನ್ನು ಕೈಯಿಂದ ಕೈಗೆ ಹೋಯಿತು. ಅರ್ಧ ಗಂಟೆಯಲ್ಲಿ ಒಂಬತ್ತು ತಪ್ಪುಗಳು. ನಗುವೋ ನಗು.

ಕೊನೆಗೆ ಪೆನ್ನು ಬಾನುವಿಗೆ ಬಂತು. ಅವಳು ನಗಲಿಲ್ಲ.

"ಅಕ್ಟೋಬರಲ್ಲಿ ಒಬ್ರ ರಕ್ತ ತೆಗ್ಯೋವಾಗ ಸೂಜಿ ಚುಚ್ತು ಸಾರ್. ಅವ್ರಿಗೆ ಎಚ್‌ಐವಿ ಇತ್ತು. ಯಾರಿಗೂ ಹೇಳ್ಲಿಲ್ಲ."

"ಯಾಕಮ್ಮ?"

"ಟೈಲರ್ ಅಂಗಡಿಗೆ ಹೋಗ್ಲಿ ಅಂದಿದ್ರಲ್ಲ. ನಂದು ಇನ್ನೂ ಕಾಂಟ್ರಾಕ್ಟ್ ಕೆಲ್ಸ. ಮಗೂಗೆ ಆಗ ನಾಲ್ಕ್ ತಿಂಗ್ಳು. ಹಾಲಲ್ಲಿ ಅದ್ಕೂ ಬಂದ್ಬಿಟ್ರೆ ಅಂತ ಅವತ್ತಿಂದ ಹಾಲು ಬಿಡಿಸ್ಬಿಟ್ಟೆ. ಮನೇಲಿ ಹಾಲು ಬತ್ತೋಯ್ತು ಅಂದಿದೀನಿ."

ಅವಳ ರಕ್ತ ನಾನೇ ತೆಗೆದೆ. ಸಂಜೆ ರಿಪೋರ್ಟ್ ಬಂತು: ಏನೂ ಇಲ್ಲ. ನಾನು ಕುಣಿದಾಡುವುದೊಂದು ಬಾಕಿ. "ಇವತ್ತೇ ಹೋಗಿ ಮಗೂಗೆ ಹಾಲು ಕೊಡಮ್ಮ" ಎಂದೆ.

ಬಾನು ಕಣ್ಣೊರೆಸಿಕೊಂಡಳು. "ಮೂರ್ ತಿಂಗ್ಳಾಯ್ತಲ್ಲ ಸಾರ್. ಈಗ ನಿಜ್ವಾಗ್ಲೂ ಬತ್ತೋಗಿದೆ."

ಅವಳು ಕುಣಿಗಲ್ ಬಸ್ಸು ಹತ್ತಿದ ಮೇಲೆ ರಿಜಿಸ್ಟರ್ ತೆಗೆದು ಬರೆದೆ: "ಟ್ರೇನರ್ ಶಿವಮೂರ್ತಿ ಒಂದು ಜೋಕು ಹೇಳಿದ್ದರಿಂದ ಒಂದು ಮಗುವಿಗೆ ತಾಯಿ ಹಾಲು ತಪ್ಪಿತು." ಪಕ್ಕದಲ್ಲಿ 'ಸರಿಪಡಿಸಿದ ಬಗೆ' ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟೆ.