ಉಸಿರಿರುವ ತನಕ

ಬೀದಿಯವರಿಗೆಲ್ಲ ಅವಳು ಅತ್ತೆ. ಹಾಸಿಗೆ ಕಾರ್ಖಾನೆಯಲ್ಲಿ ಹತ್ತಿಯ ದೂಳು ಕುಡಿದು ಕುಡಿದು ಅವಳ ಶ್ವಾಸಕೋಶ ಸೋತಿತ್ತು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಕೆಲಸ ಹೋಯಿತು. ಕೂಡಿಟ್ಟದ್ದನ್ನೆಲ್ಲ ಆಸ್ಪತ್ರೆ ನುಂಗಿತು. ಉಳಿದದ್ದು ಮಹಡಿಯ ಮೇಲಿನ ಎರಡು ಕೋಣೆಯ ಮನೆ ಮಾತ್ರ.

ಆಗ ತಮ್ಮನ ಮಗ ಬಂದ. ಪಕ್ಕದ ಬೀದಿಯಲ್ಲಿ ಅವನ ಪೀಠೋಪಕರಣದ ಅಂಗಡಿ. ಮಾತಿನ ನುಣುಪಿಗೆ ಎಲ್ಲರೂ ಅವನನ್ನು ಬೆಣ್ಣೆ ಎಂದೇ ಕರೆಯುತ್ತಿದ್ದರು.

"ಮನೆ ನನ್ನ ಹೆಸರಿಗೆ ಮಾಡಿಬಿಡಿ ಅತ್ತೆ. ನೀವಿರೋವರೆಗೂ ಇಲ್ಲೇ ಇರಿ, ತಿಂಗಳು ತಿಂಗಳು ಖರ್ಚಿಗೆ ನಾನು ಕೊಡ್ತೀನಿ. ಈ ಕೆಮ್ಮು ಇಟ್ಕೊಂಡು ಇನ್ನೆಲ್ಲಿಗೆ ಹೋಗ್ತೀರಾ?"

ಅತ್ತೆ ಕಣ್ಣೊರೆಸಿಕೊಳ್ಳುತ್ತ ಕರಾರಿಗೆ ಸಹಿ ಹಾಕಿದಳು. ಅವನು ಮೆಟ್ಟಿಲಿಳಿಯುತ್ತ ಫೋನಿನಲ್ಲಿ ಯಾರಿಗೋ ಹೇಳಿದ: "ಬೇಸಿಗೆ ದಾಟಲ್ಲ ಬಿಡು. ಗೋಡೆ ಒಡೆಸಿ ಗೋದಾಮು ಮಾಡೋದೇ." ಬಾಗಿಲು ಹಾಕಲು ಬಂದ ಅತ್ತೆಗೆ ಅದು ನೆಟ್ಟಗೆ ಕಿವಿಗೆ ಬಿತ್ತು. ಮೈ ಉರಿದುಹೋಯಿತು. ಕಾಯಲಿ, ಇವನ ತಲೆ ಹಣ್ಣಾಗುವವರೆಗೂ ಕಾಯಿಸುತ್ತೇನೆ ಎಂದು ಹಲ್ಲು ಕಚ್ಚಿದಳು.

ಅಂದಿನಿಂದ ಬದುಕುವುದೇ ಅವಳ ಹಠ. ನರ್ಸು ಹೇಳಿಕೊಟ್ಟ ಉಸಿರಾಟದ ವ್ಯಾಯಾಮ ಬಿಡಲಿಲ್ಲ, ಔಷಧಿ ತಪ್ಪಿಸಲಿಲ್ಲ. ಮೊದಲು ಬಾಗಿಲವರೆಗೆ ನಡೆದಳು, ಆಮೇಲೆ ಬೀದಿಯ ತಿರುವಿನವರೆಗೆ. ಕ್ರಮೇಣ ಅವಳ ನಡಿಗೆ ಬೆಣ್ಣೆಯ ಅಂಗಡಿ ಮುಟ್ಟಿತು. ಅಲ್ಲಿ ಎಲ್ಲಕ್ಕಿಂತ ದುಬಾರಿ ಸೋಫಾದಲ್ಲಿ ಗಿರಾಕಿಗಳೆದುರೇ ಕೂತು ಸುಧಾರಿಸಿಕೊಳ್ಳುವಳು.

"ಹೇಗಿದೀರಾ ಅತ್ತೆ?"

"ಗುಂಡುಕಲ್ಲಿನ ಹಾಗಿದೀನಿ ಕಣೋ. ಡಾಕ್ಟರೇ ಬೆರಗಾಗಿಬಿಟ್ರು!"

ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಅದನ್ನು ನೋಡಲೆಂದೇ ಅವಳು ಮರುದಿನ ಮತ್ತೆ ಹೋಗುತ್ತಿದ್ದಳು. ಹೀಗೆ ಎಷ್ಟೋ ವರ್ಷ ಕಳೆಯಿತು.

ಕೊನೆಗೆ ಮಲಗಿದವನು ಅವನೇ. ಬೀರು ಎತ್ತುವಾಗ ಬೆನ್ನು ಹಿಡಿದುಕೊಂಡಿತು; ಆಪರೇಷನ್ ಆದ ಮೇಲೂ ಕಾಲಿಗೆ ಬಲ ಬರಲಿಲ್ಲ. ಅಂಗಡಿ ಮುಚ್ಚಿತು. ಅವನ ಹೆಂಡತಿ ಅತ್ತೆಯ ಬಳಿ ಬಂದು ಗೋಗರೆದಳು: "ಸ್ವಲ್ಪ ದಿನ ತಿಂಗಳ ದುಡ್ಡು ಕೇಳಬೇಡಿ ಅತ್ತೆ."

ಅತ್ತೆ ವಕೀಲನನ್ನು ಕರೆದುಕೊಂಡು ಅವನ ಮಂಚದ ಬಳಿಗೇ ಹೋದಳು.

"ಕರಾರಿನಂತೆ ಕೊಡು, ಇಲ್ಲಾಂದ್ರೆ ಕೋರ್ಟು. ಅದೂ ಬೇಡ ಅಂದ್ರೆ ಮನೆ ವಾಪಸ್ ನನ್ನ ಹೆಸರಿಗೆ ಬರೆದುಕೊಡು, ಇನ್ನು ಒಂದು ಕಾಸೂ ಕೇಳಲ್ಲ."

"ಇಷ್ಟು ವರ್ಷ ಕೊಟ್ಟಿದ್ದು?"

"ಅದನ್ನ ತಿಂದೇ ಬದುಕಿದೆ."

"ಅತ್ತೆ, ನನ್ನ ಸ್ಥಿತಿ ಸ್ವಲ್ಪ ನೋಡಿ..."

"ನೋಡಿಕೊಂಡೇ ಬಂದಿದೀನಿ."

ಅವನ ಹೆಂಡತಿ ಬಿಕ್ಕಿದಳು. ಅತ್ತೆಗೆ ಒಂದು ಗಳಿಗೆ ಮನಸ್ಸು ಅಳುಕಿತು, ಅಷ್ಟೇ. ಅವನು ಮಲಗಿದಲ್ಲಿಂದಲೇ ಮನೆ ವಾಪಸ್ ಬರೆದುಕೊಡಲು ಪೆನ್ನು ತೆಗೆದುಕೊಂಡ. ಕಾಗದ ಜಾರದಂತೆ ಅವಳೇ ಒತ್ತಿ ಹಿಡಿದಳು.

ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಊಟ, ಔಷಧಿಗೆ ಅದೇ ಸಾಕಾಯಿತು. ಬೆಣ್ಣೆ ಊರುಗೋಲು ಹಿಡಿದು ಓಡಾಡುವಂತಾದ ಮೇಲೆ ಅವಳನ್ನು ಕಂಡರೆ ಬೀದಿಯ ಆಚೆ ಬದಿಗೆ ಸರಿದುಬಿಡುತ್ತಿದ್ದ. ಅತ್ತೆ ಬಿಡಬೇಕಲ್ಲ!

"ನಿಧಾನ ಕಣೋ, ಬಿದ್ದುಗಿದ್ದೀಯ!" ಎಂದು ಹತ್ತು ಮನೆಗೆ ಕೇಳುವಂತೆ ಕೂಗಿ, ಅವನು ತಲೆ ತಗ್ಗಿಸುವವರೆಗೂ ನಿಂತು ನೋಡುತ್ತಿದ್ದಳು.