ದರ್ಜಿ ಮನೆ ಮುಂದಿನ ಹೂವಿನ ಪಾತಿ

ಕೆಂಪು ಮಣ್ಣು ಒಂದು ಗಾಡಿಗೆ ಎಂಟುನೂರು, ಗೊಬ್ಬರ ನಾಲ್ಕು ಮೂಟೆಗೆ ಆರುನೂರು, ಅಂಚಿಗೆ ಇಡುವ ಇಟ್ಟಿಗೆಗೆ ಏಳುನೂರು, ಸಸಿಗಳಿಗೆ ಸಾವಿರದ ಇನ್ನೂರು. ತೋಟದವನ ಎರಡು ದಿನದ ಕೂಲಿ ಬೇರೆ. ಅಂಗಿಯ ಗುಂಡಿಗೂ ಚೌಕಾಸಿ ಮಾಡುವ ದರ್ಜಿ ಈ ಸಲ ತುಟಿ ಪಿಟಕ್ಕೆನ್ನಲಿಲ್ಲ.

ಮಗಳು ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಹೆಂಡತಿ ಮುಂಬಾಗಿಲಿನತ್ತ ಸುಳಿದಿರಲಿಲ್ಲ, ಓಡಾಟವೆಲ್ಲ ಹಿತ್ತಲಿನಿಂದ. ಮಗಳು ಅಂಕುಡೊಂಕಾಗಿ ಮಾಡಿದ್ದ ಪಾತಿ ಈಗ ಒಣಗಿ ನಿಂತಿದೆ, ಅದನ್ನು ನೋಡಲಾರದೆ ಹೀಗೆ ಮಾಡುತ್ತಾಳೆ ಎಂದು ದರ್ಜಿ ತಿಳಿದ. ಪಾತಿ ಹೊಸದಾದರೆ ಅವಳು ಮತ್ತೆ ಜಗಲಿಯಲ್ಲಿ ಬಂದು ಕೂತಾಳು. ಅವಳು ತಂಗಿಯ ಮನೆಗೆ ಹೋದ ಮೂರು ದಿನದಲ್ಲೇ ಕೆಲಸ ಮುಗಿಸಲು ಹೊರಟ.

"ಯಜಮಾನ್ರೇ, ಒಣಗಿದ್ದೆಲ್ಲ ಸತ್ತಿರಲ್ಲ. ಅಮ್ಮಾವ್ರನ್ನ ಒಂದು ಮಾತು ಕೇಳಿ," ಎಂದ ತೋಟದವನು.

"ಬಟ್ಟೆ ಕತ್ತರಿಸೋಕೆ ಅಳತೆ ಸಾಕಪ್ಪ, ಅಪ್ಪಣೆ ಬೇಡ."

"ಅಳತೆ ತಪ್ಪಿದ್ರೆ ನಿಮ್ಮ ಬಟ್ಟೆಗೆ ತೇಪೆ ಹಾಕ್ಬಹುದು ಸ್ವಾಮಿ! ಕಿತ್ತ ಗಿಡಕ್ಕೆ ಹಾಕೋಕಾಗುತ್ತಾ?"

ದರ್ಜಿ ನಕ್ಕು, ನೂಲು ಎಳೆದು, ಸೀಮೆಸುಣ್ಣದ ಪುಡಿಯಲ್ಲಿ ನೇರ ಗೆರೆ ಹಾಕಿಕೊಟ್ಟ. ತೋಟದವನು ಹಳೇ ಪಾತಿ ಅಗೆದು ಮಣ್ಣು ಜರಡಿ ಹಿಡಿದಾಗ ಸಣ್ಣ ಈರುಳ್ಳಿಯಂಥ ಗೆಡ್ಡೆಗಳು ಒಂದು ಬುಟ್ಟಿ ಸಿಕ್ಕವು.

"ಇವನ್ನೇನು ಮಾಡ್ಲಿ?"

"ಹಳೇದು ಯಾವುದೂ ಬೇಡ. ಕಸದ ಗಾಡಿಗೆ ಹಾಕು."

ಹೆಂಡತಿ ಬಂದವಳು ಹಿತ್ತಲಿಗೆ ತಿರುಗದೆ, ಹೊಸ ಇಟ್ಟಿಗೆಯ ಅಂಚು ಕಂಡು ಗೇಟಿನಲ್ಲೇ ನಿಂತಳು. ಚೀಲ ಕೆಳಗಿಟ್ಟು, ಮಂಡಿಯೂರಿ, ಹೊಸ ಸಸಿಗಳ ನಡುವೆ ಬೆರಳಿನಿಂದ ಮಣ್ಣು ಕೆದಕಿದಳು.

"ಗೆಡ್ಡೆ ಎಲ್ಲಿ ರೀ?"

"ಯಾವ ಗೆಡ್ಡೆ?"

"ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಮಗಳು ನೆಟ್ಟಿದ್ದ ಹೂವಿನ ಗೆಡ್ಡೆ. 'ಮೊದಲ ಗುಡುಗಿಗೆ ಏಳ್ತವೆ, ಅಲ್ಲೀವರೆಗೂ ಇಣುಕಿ ನೋಡ್ಬೇಡಮ್ಮ' ಅಂದಿದ್ಲು. ಅದಕ್ಕೇ ಈ ಕಡೆ ಬರ್ತಿರಲಿಲ್ಲ. ಗುಡುಗಿಗೆ ಇನ್ನೊಂದೇ ತಿಂಗಳಿತ್ತು."

"ನಂಗೆ ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ದರ್ಜಿ ಚಪ್ಪಲಿಯನ್ನೂ ಮೆಟ್ಟದೆ ಊರಾಚೆಯ ಕಸದ ಗುಡ್ಡೆಗೆ ಓಡಿದ. ಕತ್ತಲಾಗುವವರೆಗೂ ಕೆದರಿದ. ಸಿಕ್ಕಿದ್ದೆಲ್ಲ ಅಡಿಗೆಮನೆಯ ಕೊಳೆತ ಈರುಳ್ಳಿ.

ಮಳೆ ಬಂತು. ಹೊಸ ಪಾತಿ ಸೊಂಪಾಗಿ ಬೆಳೆಯಿತು. ಮನೆ ಎಷ್ಟು ಅಂದವಾಯಿತೆಂದು ಬೀದಿಯವರು ನಿಂತು ನೋಡಿದರು. ಜಗಲಿ ಮಾತ್ರ ಖಾಲಿ. ಮಗಳು ಅಮ್ಮನಿಗೆಂದು ಬಿಟ್ಟುಹೋದದ್ದು ಆ ಒಂದು ಬುಟ್ಟಿ ಗೆಡ್ಡೆಯಷ್ಟೇ. ಅದನ್ನು ಅಪ್ಪ ತನ್ನ ಕೈಯಾರೆ ಕಳೆದಿದ್ದ.