ವಾಣಿ ಹೊಡೆದ ಪೆನಾಲ್ಟಿ

ಮುಂದಿನ ಸೀಟಿನ ಕಂಬಿಗೆ ಸಿಕ್ಕಿಸಿದ ಗ್ಲೌಸು ಬಸ್ಸು ಕುಲುಕಿದಾಗಲೆಲ್ಲ ಮಂಡಿಗೆ ಬಡಿಯುತ್ತಿದೆ, ಇನ್ನೂ ಒದ್ದೆ, ಬೆರಳುಗಳ ಸಂದಿಯಲ್ಲಿ ನರಸೀಪುರದ ಮೈದಾನದ ಮಣ್ಣು, ತೆಗೆದು ಬ್ಯಾಗಿಗೆ ತುರುಕಬೇಕು ಅಂದುಕೊಳ್ಳುತ್ತಾಳೆ ಮಧುಶ್ರೀ, ತುರುಕುವುದಿಲ್ಲ — ಫೋನಿಗೆ ಫುಟ್‌ಬಾಲ್ ಲೀಗಿನ ಕೊನೆಯ ಪಟ್ಟಿ ಬಂದುಬಿಟ್ಟಿದೆ, ಇನ್ನೂ ಬೆವರು ಆರಿಲ್ಲ, ಅಷ್ಟರಲ್ಲೇ, ನಂಜನಗೂಡು ಕಪಿಲಾ ಕ್ಲಬ್ ಕಟ್ಟಕಡೆಗೆ, ಅದರ ಮೇಲೆ ನರಸೀಪುರ, ಬೆಳಿಗ್ಗೆ ಹೋಗುವಾಗ ತಾವು ಮೇಲಿದ್ದರು, ಒಂದೇ ಪಾಯಿಂಟು, ಡ್ರಾ ಆಗಿದ್ದರೆ ಸಾಕಿತ್ತು, ಆಗುತ್ತಲೂ ಇತ್ತು, ಕೊನೆಗಳಿಗೆಯಲ್ಲಿ ಆ ಪೆನಾಲ್ಟಿ ಬರದಿದ್ದರೆ, ಬಂದರೂ ಗೋಲು ಕಾಯುತ್ತಿದ್ದ ತಾನು ಹಿಡಿದಿದ್ದರೆ. ಪಕ್ಕದಲ್ಲಿ ಕೋಚ್ ರೋಜಕ್ಕ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾಳೆ, ನಿದ್ದೆಯಲ್ಲ, ಯೋಚನೆ, ಕೆಳಗಿನ ಡಿವಿಷನ್‌ಗೆ ಬಿದ್ದ ಮೇಲೆ ಎಷ್ಟು ಹುಡುಗಿಯರು ಉಳಿಯುತ್ತಾರೆ — ಮೈಸೂರಿನ ದೊಡ್ಡ ಟೀಮುಗಳ ಜೊತೆ ಆಡ್ತಾಳೆ ಅಂತ ಇಷ್ಟು ದಿನ ಕಳಿಸ್ದೋ ಕಣಮ್ಮ, ಇನ್ನೇನೈತೆ, ಗಾರ್ಮೆಂಟ್ಸ್‌ಗೆ ಓಗ್ಲಿ ಬುಡಿ, ಅಂತ ಯಾರ ಅಮ್ಮ ಮೊದಲು ಹೇಳುತ್ತಾಳೋ.

ಮನೆಗೆ ಹೋದರೆ ತಾತ ಕೇಳುತ್ತಾನೆ, ಏನಾಯ್ತವ್ವ — ದೇವಯ್ಯ, ಈ ಕ್ಲಬ್ಬು ಕಟ್ಟಿದವನು, ಈಗ ಮಂಡಿ ನೋವಿಗೆ ಜಗಲಿ ಬಿಟ್ಟು ಇಳಿಯುವುದಿಲ್ಲ, ಫಲಿತಾಂಶ ಮಾತ್ರ ಬಿಡುವುದಿಲ್ಲ. ಚಿಕ್ಕಯ್ಯನಛತ್ರದ ಆಚೆಯ ತಮ್ಮ ಹಳ್ಳಿಯಲ್ಲಿ ಅವನ ಕಾಲಕ್ಕೆ ಕಬಡ್ಡಿ ಜೋರು, ಕಾಲೋನಿಯವರು ದೂರ ನಿಂತು ನೋಡಬೇಕು, ಕಬಡ್ಡೀಲಿ ಮುಟ್ಬೇಕಾಯ್ತದಲ್ಲವ್ವ, ಅದ್ಕೇ ನಾವು ಬ್ಯಾಡ ಅಂದ್ರು, ಅಂತ ತಾತ ನಗುತ್ತಲೇ ಹೇಳುವುದು, ಆ ನಗು ಚಿಕ್ಕಂದಿನಲ್ಲಿ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಕೆಲಸಕ್ಕಿದ್ದ ಕಾರ್ಖಾನೆಯಿಂದ ಹಳೇ ಫುಟ್‌ಬಾಲೊಂದನ್ನು ತಂದ, ನಾಲೆ ಏರಿಯ ಕೆಳಗಿನ ಬೀಳಿನಲ್ಲಿ ಜಾಲಿ ಕಡಿದು ಬಯಲು ಮಾಡಿದ, ಯಾರ್ನೂ ಬ್ಯಾಡ ಅನ್ಬಾರ್ದು, ಅದೊಂದೇ ನಮ್ಮ ಕ್ಲಬ್ಬಿನ ರೂಲು. ಗಂಡಸರ ಟೀಮು ಷಿಫ್ಟು, ಮದುವೆ ಅಂತ ಚದುರಿದ ಮೇಲೆ ಹೆಸರು ಉಳಿಸಿದ್ದು ಹುಡುಗಿಯರು, ಊರೊಳಗಿನಿಂದ ಆ ಬಯಲಿಗೆ ಮೊದಲು ಇಳಿದವಳು ವಾಣಿ, ಗದ್ದೆಯುಳ್ಳ ಗೌಡರ ಮನೆಯವಳು, ಯೂನಿಫಾರ್ಮಿನಲ್ಲೇ, ನನ್ನೂ ಆಡುಸ್ಕೊಳ್ರೇ — ಅವಳಪ್ಪ ಏರಿಯ ಮೇಲೆ ಬೈಕು ನಿಲ್ಲಿಸಿ ಕೂಗಿ ಕರೆದುಕೊಂಡು ಹೋದ, ಮರುದಿನ ಕೆನ್ನೆ ಊದಿಸಿಕೊಂಡೇ ಮತ್ತೆ ಬಂದಳು, ಆಟ ಮುಗಿದ ಮೇಲೆ ಮಧುಶ್ರೀಯ ಮನೆಗೆ ಬಂದು ಚೊಂಬೆತ್ತಿ ನೀರು ಕುಡಿದಳು, ಅವ್ವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಆಮೇಲೆ ಎಷ್ಟು ಸಂಜೆ, ಎಲ್ಲರೂ ಹೋದ ಮೇಲೂ ಇಬ್ಬರೇ, ವಾಣಿ ಹೊಡೆಯುವುದು, ಮಧುಶ್ರೀ ಹಾರುವುದು, ಯಾವಾಗಲೂ ಬಲಮೂಲೆಗೇ ಹೊಡೀತೀಯಲ್ಲೇ, ಗೊತ್ತಾಗ್ಬುಡ್ತದೆ — ಗೊತ್ತಾಗ್ಲಿ, ತಡಿ ನೋಡಾನ.

ಹೋದ ವರ್ಷ ವಾಣಿಗೆ ಮದುವೆ, ನರಸೀಪುರಕ್ಕೆ, ಕಪಿಲೆ ಹರಿದು ಕಾವೇರಿ ಸೇರುವ ಊರಿಗೆ, ಆಟ ಬಿಡಾಕಿಲ್ಲ ಕಣೇ ಅಂದಿದ್ದಳು, ಬಿಡಲಿಲ್ಲ, ಇವತ್ತು ಅವರ ಹಳದಿ ಅಂಗಿಯಲ್ಲಿ ಬಂದು ಚೆಂಡು ಇಟ್ಟಳು, ಒಮ್ಮೆ ತಲೆಯೆತ್ತಿದಳು, ಬಲಮೂಲೆ ನೋಡಿದಳು, ಮಧುಶ್ರೀಯನ್ನು ನೋಡಿದಳು — ಇಲ್ಲ, ಇದು ನಾಟಕ, ತನಗೆ ಗೊತ್ತಿದೆ ಅಂತ ಅವಳಿಗೆ ಗೊತ್ತು, ಈಗ ಅವಳು ಆ ಮನೆಯವಳು, ಆ ಊರಿನವಳು, ಬದಲಾಯಿಸಿಯೇ ಹೊಡೆಯುತ್ತಾಳೆ, ಊರೊಳಗಿನವರೆಲ್ಲ ಕೊನೆಗೆ ಹಾಗೇ ತಾನೇ, ಅಂತ ಒಂದು ಮಾತು ಎಲ್ಲಿಂದ ಬಂತೋ ಬಂತು, ಮಧುಶ್ರೀ ಎಡಕ್ಕೆ ಹಾರಿದಳು. ಚೆಂಡು ಬಲಕ್ಕೆ ಹೋಯಿತು, ಅದೇ ಮೂಲೆಗೆ, ಅಷ್ಟೇನು ಜೋರಾಗಿಯೂ ಅಲ್ಲ, ನಾಲೆ ಕೆಳಗಿನ ಬಯಲಾಗಿದ್ದರೆ ಕಣ್ಣು ಮುಚ್ಚಿ ಹಿಡಿಯಬಹುದಿತ್ತು. ಅಭ್ಯಾಸವೋ, ಹಿಡಿ ಅಂತಲೇ ಹೊಡೆದಳೋ, ಕೇಳುವುದಕ್ಕೂ ಈಗ — ನರಸೀಪುರದ ಹುಡುಗಿಯರು ಕಿರುಚಿಕೊಂಡು ಅವಳ ಕಡೆ ಓಡಿಬಂದರು, ಅವಳು ಅವರನ್ನು ಬಿಡಿಸಿಕೊಂಡು ಗೋಲಿನ ಕಡೆ ಬಂದಳು, ಬಗ್ಗಿದಳು, ಏಳೇ ಮಧು. ಬಳೆ ತೆಗೆಯಬಾರದು ಅಂತ ಅತ್ತೆ ಹೇಳಿದ್ದರೇನೋ, ಹಸಿರು ಗಾಜಿನ ಬಳೆಗಳ ಮೇಲೆ ಬಿಳಿ ಟೇಪು ಸುತ್ತಿದ ಕೈ. ಮಧುಶ್ರೀ ಮುಖ ತಿರುಗಿಸಿ ಗೋಲುಕಂಬ ಹಿಡಿದು ತಾನೇ ಎದ್ದಳು.

ಗೋಲು ಓಗ್ಲಿ ಬುಡು, ಅಂತಾಳೆ ರೋಜಕ್ಕ ಕಣ್ಣು ತೆರೆಯದೆ, ಆ ಉಡ್ಗಿ ಕೈ ಕೊಟ್ರೆ ಇಡ್ಕಳಾಕೆ ಏನಾಗಿತ್ತೇ ನಿಂಗೆ. ಮಧುಶ್ರೀ ಗ್ಲೌಸಿನ ಸಂದಿಯ ಮಣ್ಣು ಕೆರೆಯುತ್ತಾಳೆ, ಹೊರಗೆ ಭತ್ತದ ಗದ್ದೆ, ಕಬ್ಬು, ಮತ್ತೆ ಗದ್ದೆ, ಸೋತ್ವಿ ತಾತ ಅಂತ ಹೇಳಿಬಿಡಬಹುದು, ಕೆಳಗಿಳಿದ್ವಿ ಅಂತಲೂ ಹೇಳಬಹುದು, ಮೇಲೆ ಬರೋಣ ಬುಡವ್ವ ಅಂತಾನೆ ಅವನು, ಆದರೆ ಇನ್ನೊಂದನ್ನು, ಯಾರ್ನೂ ಬ್ಯಾಡ ಅನ್ಬಾರ್ದು ಅಂದ ಆ ಮನುಷ್ಯನ ಮುಂದೆ ಕೂತು, ಯಾವ ಬಾಯಲ್ಲಿ — ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಾಗಲೂ ವಾಣಿ ಬಗ್ಗಿಯೇ ಇದ್ದಳು, ಕೈ ಹಿಂದಕ್ಕೆ ಎಳೆದುಕೊಂಡಿರಲಿಲ್ಲ, ಬಿಳಿ ಟೇಪು, ಬಿಡಿಸಿದ ಬೆರಳು, ಅಂಗೈ ಮೇಲಕ್ಕೆ, ಖಾಲಿ.